ಕೈಗುಣದ ತೂಕ

ಆ ಮಾಗಿಯ ಕಥೆಯನ್ನು ನಮ್ಮ ಕಡೆ ಎಲ್ಲರೂ ಒಂದೇ ಥರ ಹೇಳುತ್ತಾರೆ. ಅಕ್ಕ ದೊಡ್ಡತಾಯಿಯ ಕೈಗುಣ ಒಳ್ಳೆಯದಂತೆ. ಅವಳು ತಿರುವಿದ ಹಿಟ್ಟು ಉಂಡವರ ಮೈಗೆ ಹತ್ತುತ್ತದಂತೆ. ತಂಗಿ ಚಿಕ್ಕತಾಯಿಯ ಕೈಗೆ ಆ ಗುಣ ಇರಲಿಲ್ಲವಂತೆ. ಮೈಸೂರಿನ ಡಾಕ್ಟರೊಬ್ಬರು ತಕ್ಕಡಿ ತರಿಸಿ ಇಬ್ಬರ ಅಡುಗೆಯನ್ನೂ ತೂಗಿಸಿದರೆ ತೂಕ ಒಂದೇ ಬಂತಂತೆ, ಆದರೂ ಅಕ್ಕನ ಮಗ ಕುಂಬಳಕಾಯಿ, ತಂಗಿಯ ಮಗಳು ಕಡ್ಡಿ. ಕೊನೆಗೆ ಡಾಕ್ಟರು ತಂಗಿಯ ಮನೆಯ ಜಗಲಿಯ ಮೇಲೆ ಕೂತು ಎದ್ದುಹೋದ ಮೇಲೆ ಅವಳ ಕೈಗೂ ಗುಣ ಬಂತಂತೆ. ಇನ್ನು ಅವಳ ಅತ್ತೆ ಸಿದ್ದವ್ವನೋ, ಬಂದವರ ಎದುರಿಗೇ ಸೊಸೆಯ ಮಾನ ಕಳೆದ ಕುರುಡು ಮುದುಕಿ.

ಈ ಕಥೆಯ ಒಂದು ವಾಕ್ಯವನ್ನೂ ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ತಕ್ಕಡಿ ಹಿಡಿದಿದ್ದವಳು ನಾನು. ಕಾಲೇಜಿನ ಚರ್ಚಾಕೂಟದಲ್ಲಿ ಯಾವಾಗಲೂ ಎದುರು ಪಕ್ಷದ ಬೆಂಚಿನಲ್ಲೇ ಕೂತು ಬಂದವಳು. ಯಾರಾದರೂ ‘ಅಂತೆ’ ಅಂದರೆ ‘ಕಂಡವರು ಯಾರು’ ಎಂದು ಕೇಳದೆ ನನಗೆ ಅನ್ನ ಇಳಿಯುವುದಿಲ್ಲ. ಮದ್ದೂರಿನಲ್ಲಿ ಮೇಷ್ಟರಾಗಿದ್ದ ನನ್ನ ಅಪ್ಪ ಇದನ್ನು ಕಾಯಿಲೆ ಎನ್ನುತ್ತಿದ್ದರು. ಇರಬಹುದು. ಅದಕ್ಕೂ ಪುರಾವೆ ಬೇಕು.

ಹೋದ ವಾರ ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸು ಹತ್ತಿದ್ದೆ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಮಾಗಿ. ಬಸ್ಸಿನ ಗಾಜಿಗೆ ಅಂಟಿಸಿದ್ದ ಕಾಗದದ ಬಾವುಟದ ಬಣ್ಣ ಆಗಲೇ ಮಾಸಿತ್ತು. ಹೊರಗೆ ಮಂಜು. ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ನಾಲೆಯ ಸೇತುವೆ ದಾಟುವಾಗ ಆ ಬಿಳುಪಿನೊಳಗಿಂದ ವಾಸನೆಯೊಂದು ಬಂತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾಗುವ ಹೊತ್ತಿನ ವಾಸನೆ. ಪೂರ್ತಿ ಸಿಹಿಯಲ್ಲ, ಪೂರ್ತಿ ಸುಟ್ಟದ್ದೂ ಅಲ್ಲ. ಆಲೆಮನೆ ಎಲ್ಲಿದೆಯೆಂದು ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡೆ. ಯುದ್ಧ ನಿಂತ ವರ್ಷದ ಮಾಗಿ ಅಲ್ಲೇ, ನನ್ನ ಪಕ್ಕದ ಸೀಟಿನಲ್ಲಿ, ಕಂಬಳಿ ಹೊದ್ದು ಕೂತಿದ್ದ ಹಾಗಿತ್ತು.

ಆಗ ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಯುದ್ಧ ನಿಂತಿದ್ದರೂ ರೇಷನ್ ನಿಂತಿರಲಿಲ್ಲ, ರೈತರಿಂದ ಸರ್ಕಾರ ಅಳೆದುಕೊಳ್ಳುತ್ತಿದ್ದ ಲೆವಿಯೂ ನಿಂತಿರಲಿಲ್ಲ. ಮಕ್ಕಳಿಗೆ ಗಂಜಿಮನೆ ತೆರೆಯಬೇಕು, ಆದರೆ ಎಲ್ಲ ಊರಿಗೂ ಸಾಲುವಷ್ಟು ಧಾನ್ಯವಿಲ್ಲ. ಯಾವ ಊರಿನಲ್ಲಿ ನಿಜವಾಗಿ ಕೊರತೆಯಿದೆಯೋ ಅಲ್ಲಿಗೆ ಮಾತ್ರ. ಅದನ್ನು ಅಳೆದು ಹೇಳಲು ಡಾಕ್ಟರು ಬಂದಿದ್ದರು. ನಶ್ಯ ಹಾಕುವ, ಮೆಲ್ಲಗೆ ಮಾತಾಡುವ, ಬೆಳ್ಳಗಿನ ಕೋಟಿನ ಮನುಷ್ಯ. ಅಡುಗೆಮನೆಯೊಳಗೆ ಗಂಡಸರು ಹೋಗುವಂತಿಲ್ಲವಾದ್ದರಿಂದ ಅವರಿಗೆ ತಕ್ಕಡಿ ಹಿಡಿಯಬಲ್ಲ ಹೆಣ್ಣುಮಗಳೊಬ್ಬಳು ಬೇಕಾಗಿತ್ತು. ಅಪ್ಪ ನನ್ನನ್ನು ಕಳಿಸಿದರು. ವಾದ ಮಾಡಲು ಮನೆಯಲ್ಲಿ ಯಾರೂ ಉಳಿದಿಲ್ಲದ್ದರಿಂದ ನಾನೂ ಹೋದೆ.

“ಮೈ ಒಂದು ಒಲೆ ಇದ್ದ ಹಾಗಮ್ಮ. ಊಟ ಅನ್ನೋದು ಸೌದೆ. ಎಷ್ಟು ಸೌದೆಗೆ ಎಷ್ಟು ಶಾಖ ಅನ್ನೋದಕ್ಕೆ ಒಂದು ಅಳತೆ ಇದೆ, ಕ್ಯಾಲೊರಿ ಅಂತ. ನೀನು ತೂಗಿ ಬರಿ, ಶಾಖದ ಲೆಕ್ಕ ನಾನು ಹಾಕ್ತೀನಿ,” ಎಂದರು ಡಾಕ್ಟರು. ಅಭ್ಯಾಸಕ್ಕೆಂದು ಮೊದಲು ನನ್ನ ಊಟವನ್ನೇ ನನ್ನಿಂದ ಬರೆಸಿದರು. ನೋಡಿ ನಕ್ಕರು.

“ಮದ್ದೂರಿನವಳು, ದಿನಾ ಸ್ಟೇಷನ್ನಿಗೆ ಬರ್ತೀಯ. ಒಂದು ದಿನವೂ ವಡೆ ತಿನ್ನಲಿಲ್ಲವೇನಮ್ಮ?”

“ತಿಂದೆ. ಅದು ಊಟ ಅಲ್ವಲ್ಲ ಸಾರ್.”

ಇಬ್ಬರೂ ನಕ್ಕೆವು. ಆ ನಗು ಅಲ್ಲೇ ಮುಗಿಯಿತು, ಹೊರಡುವ ಹೊತ್ತಾಗಿತ್ತು.

ಎರಡು ಊರು ಆರಿಸಿದ್ದರು. ಒಂದು ಮಂಡ್ಯದ ಹತ್ತಿರದ ಕೊತ್ತತ್ತಿ, ನಾಲೆಯ ನೀರಿನ ಊರು. ಇನ್ನೊಂದು ಮಳವಳ್ಳಿಯ ಆಚೆಯ ಬೆದ್ದಲು ಹಳ್ಳಿ, ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಆಕಾಶ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಚಿಕ್ಕತಾಯಿ ನನ್ನನ್ನು ಮತ್ತೆ ಒಳಗೆ ಸೇರಿಸುವುದಿಲ್ಲ.

ಕೊತ್ತತ್ತಿಯಲ್ಲಿ ನನ್ನ ಪಾಲಿಗೆ ಬಂದ ಮನೆಗಳಲ್ಲಿ ದೊಡ್ಡತಾಯಿಯದೂ ಒಂದು. ಬೆಳಗಿನ ಮಂಜಿನಲ್ಲಿ ಜಟಕಾ ಇಳಿದು ಹೋದರೆ ಅವಳ ಹಜಾರದಲ್ಲಿ ದೀಪ ಇನ್ನೂ ಉರಿಯುತ್ತಿರುತ್ತಿತ್ತು. ಎತ್ತರದ ಹೆಂಗಸು, ದೊಡ್ಡ ದನಿ, ಇನ್ನೂ ದೊಡ್ಡ ಕುಂಕುಮ. ಎಸರಿಗೆ ಹಾಕುವ ಮೊದಲು ರಾಗಿಹಿಟ್ಟನ್ನು ನನ್ನ ತಟ್ಟೆಗೆ ಸುರಿದು, “ತೂಗವ್ವ ತೂಗು, ನಮ್ಮಟ್ಟಿ ಇಟ್ಟು ನಿನ್ ತಕ್ಕಡೀನೂ ದಪ್ಪ ಮಾಡ್ಬುಡ್ತದೆ,” ಎನ್ನುತ್ತಿದ್ದಳು. ಅವಳ ಮಗ ಪುಟ್ಟಸ್ವಾಮಿ, ಐದು ವರ್ಷದ ಗುಂಡ, ಮುದ್ದೆಯ ಮೂಲೆಯೊಂದನ್ನು ಮುರಿದು ತಟ್ಟೆಯನ್ನು ಅತ್ತ ನೂಕಿ ಓಡಿಬಿಡುತ್ತಿದ್ದ.

“ಇಷ್ಟೇನಾ ಇವನು ಉಣ್ಣೋದು?” ಎಂದು ಕೇಳಿದೆ.

“ಅಯ್ಯೋ, ಗುಬ್ಬಚ್ಚಿ ತಿಂದಂಗೆ ತಿಂತಾನೆ ಕಣವ್ವ. ಅದೇನೋ, ನಾನು ಮುಟ್ಟಿದ್ರೆ ಸಾಕು, ಮೈಗತ್ತದೆ. ನಮ್ಮವ್ವಂಗೂ ಇದೇ ಕೈಗುಣ ಇತ್ತು. ನನ್ ತಂಗಿಗೆ ಮಾತ್ರ ಬರ್ನಿಲ್ಲ ನೋಡು, ಪಾಪ.”

ತಂಗಿ ಎಲ್ಲಿದ್ದಾಳೆ ಎಂದು ಕೇಳಿದಾಗಲೇ ಗೊತ್ತಾದದ್ದು, ಅವಳನ್ನು ಕೊಟ್ಟಿರುವುದು ನಾನು ನಾಳೆ ಹೋಗಬೇಕಾದ ಊರಿಗೆ, ನನ್ನ ಪಟ್ಟಿಯಲ್ಲಿದ್ದ ಮನೆಗೆ ಎಂದು. ಡಾಕ್ಟರಿಗೆ ಹೇಳಿದೆ. ಅವರ ಕಣ್ಣು ಹೊಳೆಯಿತು. ಒಬ್ಬಳೇ ತಾಯಿಯ ಹತ್ತಿರ ಅಡುಗೆ ಕಲಿತ ಇಬ್ಬರು, ಒಂದೇ ವಯಸ್ಸಿನ ಇಬ್ಬರು ಮಕ್ಕಳು. “ಬೇಕು ಅಂದ್ರೂ ಸಿಗೋಲ್ಲಮ್ಮ ಇಂಥದ್ದು,” ಎಂದರು.

ಮದ್ದೂರಿನಿಂದ ಮಳವಳ್ಳಿಗೆ ಹೋಗುತ್ತಿದ್ದದ್ದು ಆಗ ಇದ್ದಿಲ ಬಸ್ಸು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಒಂದು ಉದ್ದನೆಯ ಒಲೆ ಕಟ್ಟಿ, ಅದರ ಹೊಗೆಯಿಂದ ಎಂಜಿನ್ನು ಓಡಿಸುತ್ತಿದ್ದರು. ಡ್ರೈವರ್ ಬಾಷಾ ಸಾಬರು ಏರು ಬಂದ ಕಡೆಯೆಲ್ಲ ಇಳಿದು ಒಲೆ ಕೆದಕುವರು.

“ಏನಮ್ಮ ತಕ್ಕಡಿಯವ್ರೇ, ನಿಮ್ಮ ಡಾಕ್ಟರು ಮನುಷ್ಯರ ಒಟ್ಟೆ ಒಲೆ ಅಂದ್ರಂತೆ? ಇದ್ಕೂ ಸ್ವಲ್ಪ ಔಷಧಿ ಬರ್ಕೊಡೋಕೆ ಹೇಳಿ. ಎಷ್ಟು ತಿನ್ಸಿದ್ರೂ ಮೈಗೆ ಅತ್ತಲ್ಲ ನನ್ಮಗಂದು.”

“ನಡೂ ದಾರೀಲಿ ಇದ್ದಿಲು ಉದುರಿಸ್ಕೊಂಡು ಬರ್ತಿದೆ, ಹಿಂದೆ ನೋಡಿ ಸಾಬರೇ.”

ಅವರು ಹಿಂದೆ ಹೋಗಿ ನೋಡಿ, ಒಲೆಯ ಬಾಗಿಲನ್ನು ಒದ್ದು ಮುಚ್ಚಿ, “ಹೌದಲ್ಲ, ಹಾಕಿದ್ದೇ ಬೇರೆ, ಒಳಗಡೆ ಹೋಗಿದ್ದೇ ಬೇರೆ,” ಎಂದು ಗಡ್ಡ ಸವರಿಕೊಂಡರು.

ಬಸ್ಸಿಳಿದು ಕಾಲುದಾರಿಯಲ್ಲಿ ನಡೆದರೆ ಆ ಹಳ್ಳಿ. ಅಲ್ಲಿನ ಮಂಜಿಗೆ ವಾಸನೆಯಿರಲಿಲ್ಲ. ಹುಚ್ಚೆಳ್ಳಿನ ಹೂವು ಮುಗಿದ ಹೊಲ, ಕೊಯ್ದ ರಾಗಿಯ ಕೂಳೆ, ಅದರ ಮೇಲೆ ಬೆಳ್ಳಗೆ ಕೂತ ಇಬ್ಬನಿ. ಎಲ್ಲವೂ ಬಹಳ ದೂರದಲ್ಲಿ, ಬಹಳ ಮೆತ್ತಗೆ ನಡೆಯುತ್ತಿರುವಂತೆ ಕಾಣುತ್ತಿತ್ತು. ಚಿಕ್ಕತಾಯಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಕ್ಕನ ಮುಖವನ್ನೇ ಸಣ್ಣಗೆ ಕೆತ್ತಿದ ಹಾಗಿದ್ದ ಮುಖ. ಗಂಡ ಕಬ್ಬಿನ ಗಾಡಿ ಹೊಡೆಯಲು ಮಂಡ್ಯದ ಕಡೆ ಹೋಗಿದ್ದ. ಕಬ್ಬು ಮುಗಿಯುವವರೆಗೆ ಬರುವಂತಿಲ್ಲ. ಮನೆಯಲ್ಲಿ ಅವಳು, ಮಗಳು ಮಾದೇವಿ, ಅತ್ತೆ ಸಿದ್ದವ್ವ.

ಸಿದ್ದವ್ವನ ಕಣ್ಣಿಗೆ ಪೊರೆ ಬಂದಿತ್ತು. ನಡುಮನೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಯ ಪಕ್ಕದಲ್ಲಿ, ಆಳೆತ್ತರದ ಆ ವಾಡೆಗೆ ಒರಗಿಕೊಂಡೇ ಅವಳು ದಿನ ಕಳೆಯುತ್ತಿದ್ದಳು. ಕೈಯಲ್ಲೊಂದು ಕೋಲು. ಮಾತಾಡುವಾಗ ಆ ಕೋಲಿನಿಂದ ವಾಡೆಗೆ ಮೆಲ್ಲಗೆ ಬಡಿಯುವುದು ಅವಳ ರೂಢಿ. ಮುದುಕರು ಕಾಲು ಅಲ್ಲಾಡಿಸುವ ಹಾಗೆ. ಮನೆಯ ಸೇರು ಪಾವುಗಳನ್ನು ಸೊಸೆಯ ಕೈಗೆ ಕೊಟ್ಟು ವರ್ಷಗಳಾಗಿದ್ದವು. “ನಂಗ್ಯಾಕವ್ವ, ಕಣ್ಣಿಲ್ದೋಳಿಗೆ. ಅವಳಿಕ್ತಾಳೆ, ನಾನುಣ್ತೀನಿ,” ಎನ್ನುತ್ತಿದ್ದಳು.

ನಾನು ಹೋದ ದಿನಗಳಲ್ಲೆಲ್ಲ ಚಿಕ್ಕತಾಯಿ ತೂಗಿಸಿದ ಹಿಟ್ಟು ಅವಳಕ್ಕನ ಮನೆಯದಕ್ಕೆ ಕಡಿಮೆಯಿರಲಿಲ್ಲ. ಮುದ್ದೆ ಹೊಳೆಯುತ್ತಿತ್ತು, ಅವರೆಕಾಳಿನ ಸಾರು ಗಮಗಮ ಎನ್ನುತ್ತಿತ್ತು. ಮಾದೇವಿ ಮಾತ್ರ ತನ್ನ ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, “ಇವತ್ತೇನವ್ವ, ಅಬ್ಬವಾ?” ಎಂದು ಕೇಳಿದ್ದಳು.

“ಸುಮ್ಕೆ ಉಣ್ಣು,” ಎಂದಿದ್ದಳು ಅವಳವ್ವ. ಆ ಹುಡುಗಿ ತಟ್ಟೆಯನ್ನು ನೂಕಲಿಲ್ಲ. ಬೆರಳಿನಿಂದ ಒರೆಸಿ ಒರೆಸಿ, ಅದು ತೊಳೆದ ಹಾಗೆ ಆಗುವವರೆಗೆ ಉಂಡಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಹೋದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಚಿಕ್ಕತಾಯಿಯ ಕಣ್ಣು ಊದಿತ್ತು. ಸಿದ್ದವ್ವ ವಾಡೆಗೆ ಬಡಿಯುತ್ತ ನನಗೇ ಹೇಳಿದಳು: “ಕೂಸ್ನ ಕೊತ್ತತ್ತಿಗೆ ಕಳಿಸ್ಬುಡ್ತೀವಿ ಕಣವ್ವ. ಸಿವರಾತ್ರಿ ಕಳೀಲಿ. ದೊಡ್ಡವ್ವನ ಕೈಯಾಗಾದ್ರೂ ನಾಕು ಕಾಳು ಮೈಗತ್ಲಿ. ಇವಳ ಕೈಯಾಗೆ ಏನಿಟ್ರೂ ಇಳೀತಾ ಅದೆ.”

“ಎಷ್ಟು ದಿನಕ್ಕೆ?”

“ದಿನಕ್ಕೇನು? ಅಲ್ಲೇ ಬೆಳೀಲಿ. ಪುಟ್ಟಸ್ವಾಮಿ ಇಲ್ವಾ, ಅವ್ನಿಗೂ ಒಬ್ಳು ತಂಗಿ ಆಯ್ತಾಳೆ.”

ಚಿಕ್ಕತಾಯಿ ಒಲೆಯ ಮುಂದೆ ಕೂತು ಆರಿದ ಬೂದಿಯನ್ನು ಊದುತ್ತಿದ್ದಳು. ಊದುವುದಕ್ಕೆ ಅಲ್ಲಿ ಕೆಂಡವಿರಲಿಲ್ಲ.

ಮಳವಳ್ಳಿಯ ಪ್ರವಾಸಿ ಬಂಗಲೆಯಲ್ಲಿ ಡಾಕ್ಟರು ತಮ್ಮ ತೀರ್ಮಾನಕ್ಕೆ ಬಂದಾಗಿತ್ತು. ಎರಡೂ ಊರಿನ ಮಡಕೆಯ ಶಾಖ ಒಂದೇ. ಒಂದೂರಿನ ಮಕ್ಕಳು ಬೆಳೆಯುತ್ತವೆ, ಇನ್ನೊಂದೂರಿನವು ಬೆಳೆಯುವುದಿಲ್ಲ. ಅಂದಮೇಲೆ ಕೊರತೆ ಇರುವುದು ಪ್ರಮಾಣದಲ್ಲಲ್ಲ. ಸೊಪ್ಪು ತರಕಾರಿಯಲ್ಲಿ, ಬೇಯಿಸುವ ಕ್ರಮದಲ್ಲಿ. ಆ ಹಳ್ಳಿಗೆ ಗಂಜಿಮನೆ ಬೇಡ. ತಾಯಂದಿರಿಗೆ ಪಾಠ ಹೇಳುವ ಒಬ್ಬರನ್ನು ಕಳಿಸಿದರೆ ಸಾಕು.

“ಕೈಗುಣ ಅಂತ ಜನ ಹೇಳೋದನ್ನೇ ನೀವು ಇಂಗ್ಲಿಷಿನಲ್ಲಿ ಬರೀತಿದ್ದೀರಿ ಸಾರ್,” ಎಂದುಬಿಟ್ಟೆ.

ಅವರು ನಶ್ಯದ ಡಬ್ಬಿ ಮುಚ್ಚಿದರು. “ಎದುರು ಪಕ್ಷ ಮಾತಾಡಲಿ.”

“ಎರಡು ಜೋಡಿ ಎತ್ತು. ಎರಡಕ್ಕೂ ಕೊಟ್ಟಿಗೆಯಲ್ಲಿ ಒಂದೇ ಅಳತೆಯ ಹುಲ್ಲು. ಒಂದು ಜೋಡಿಯನ್ನ ಹಗಲೆಲ್ಲ ಗದ್ದೆಯ ಬದುವಿನಲ್ಲಿ ಮೇಯಲು ಬಿಟ್ಟೆ, ಇನ್ನೊಂದನ್ನ ಗೂಟಕ್ಕೆ ಕಟ್ಟಿದೆ. ಆಮೇಲೆ ಗೂಟದ ಹತ್ತಿರದ ಹುಲ್ಲಿನಲ್ಲಿ ಸತ್ವ ಇಲ್ಲ ಅಂದರೆ ಹೇಗೆ? ಮೊದಲು ಒಟ್ಟು ತಿಂದದ್ದು ಎಷ್ಟು ಅಂತ ಲೆಕ್ಕ ಆಗಬೇಕು. ಆ ಲೆಕ್ಕ ಸಮ ಆದ ಮೇಲೆ ತಾನೇ ಹುಲ್ಲಿನ ಗುಣದ ಮಾತು?”

“ಮೇಯ್ದದ್ದನ್ನ ನೀನು ಕಂಡಿದ್ದೀಯಾ?”

“ಇಲ್ಲ.”

“ಕಂಡು ಬಾ ಹಾಗಾದ್ರೆ.”

ಹೋದೆ. ಕೊತ್ತತ್ತಿಯಲ್ಲಿ ಈ ಸಲ ದೊಡ್ಡತಾಯಿಯ ಮನೆಯೊಳಗೆ ಕೂರದೆ ಪುಟ್ಟಸ್ವಾಮಿಯ ಹಿಂದೆ ನಡೆದೆ. ಅವನು ನೆಟ್ಟಗೆ ಆಲೆಮನೆಗೆ ಹೋದ. ಆ ಜಾಗವನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಹಾಲು ಹಿಂಡಿ ಉಳಿದ ಕಬ್ಬಿನ ರಚ್ಚು ಉರಿಯುವ ಒಲೆ, ಅದರ ಕೆಂಪು ಮಂಜಿಗೆಲ್ಲ ಹತ್ತಿಕೊಂಡು ಗದ್ದೆಯ ನಡುವೆ ದೊಡ್ಡದೊಂದು ದಾಸವಾಳ ಅರಳಿದಂತೆ. ಗಾಣದ ಸುತ್ತ ಎತ್ತುಗಳು ನಿದ್ದೆಯಲ್ಲಿ ನಡೆಯುವ ಹಾಗೆ ಸುತ್ತುತ್ತಿದ್ದವು. ಹೊಗೆ ಯಾವುದು, ಹಬೆ ಯಾವುದು, ಮಂಜು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ಅಲ್ಲಿಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ. ದಾರಿಹೋಕನಿಗೂ ಒಂದು ಚೊಂಬು ಕಬ್ಬಿನ ಹಾಲು. ಇನ್ನು ಊರಿನ ಮಕ್ಕಳನ್ನು ಕೇಳಬೇಕೆ? ಹಾಲು ಕುಡಿಯುವುದು, ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ನೆಕ್ಕುವುದು, ಕೊಬ್ಬರಿ ಸಿಕ್ಕರೆ ಅದರ ಜೊತೆ ಕಡಿಯುವುದು, ಮತ್ತೆ ಹಾಲು. ಸೂರ್ಯ ಏರುವ ಹೊತ್ತಿಗೆ ಪುಟ್ಟಸ್ವಾಮಿಯ ಗಲ್ಲ, ಅಂಗಿ, ಮೊಣಕೈ ಎಲ್ಲ ಅಂಟು.

ನಾನು ಅವನನ್ನು ಹಿಡಿದು ಬೆಲ್ಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಲು ಹೋದೆ. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ದೊಡ್ಡತಾಯಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

“ಏನವ್ವ ನಿಂಗೆ ಬಂದಿರೋದು? ತಿನ್ನೋ ಮಗೀನ ತೂಗ್ತಾರಾ? ದಿಷ್ಟಿ ಆಯ್ತದೆ, ಇಳ್ಸು ಮೊದ್ಲು!”

ಕೊಪ್ಪರಿಗೆಯ ಹತ್ತಿರ ನಿಂತಿದ್ದ ಮುದುಕನೊಬ್ಬ ನಕ್ಕ. “ದಿಷ್ಟಿ ಯಾಕಾಯ್ತದೆ ದೊಡ್ಡತಾಯಿ? ಕಲ್ಲಿಟ್ಟು ತೂಗಿದ್ರೆ ತಾನೇ? ಆ ಕಡೆ ಬೆಲ್ಲ ಇಡಾವ, ತುಲಾಭಾರ ಆಗೋಯ್ತದೆ. ಬೇಡ ಅಂತ ಯಾವ ದ್ಯಾವ್ರು ಅಂತಾನೆ?”

“ತುಲಾಭಾರ ಕಣ್ಲಾ!” ಎಂದು ಉಳಿದವರೂ ಕೂಗಿದರು. ಮಗನ ತುಲಾಭಾರಕ್ಕೆ ಯಾವ ತಾಯಿ ಅಡ್ಡ ಬಂದಾಳು? ಹೀಗೆ ಮಾರನೆಯ ಬೆಳಗ್ಗೆ ಪುಟ್ಟಸ್ವಾಮಿ ಆಲೆಮನೆಗೆ ಬಂದ ಕೂಡಲೇ ಒಂದು ತುಲಾಭಾರ, ಆಟ ಮುಗಿಸಿ ಹೊರಡುವಾಗ ಇನ್ನೊಂದು. ಎರಡನೆಯ ಸಲ ಆ ಕಡೆಗೆ ಇನ್ನೂ ಬೆಲ್ಲದಚ್ಚುಗಳನ್ನು ಏರಿಸಬೇಕಾಯಿತು. ಜನ ಗೊಳ್ಳೆಂದರು.

“ಗುಬ್ಬಚ್ಚಿ ಹಾಗೆ ತಿಂತಾನೆ ಅಂದ್ರಲ್ಲ?” ಎಂದೆ.

ದೊಡ್ಡತಾಯಿ ನಿಜಕ್ಕೂ ಬೆರಗಾಗಿ ನನ್ನನ್ನು ನೋಡಿದಳು. “ಇದ್ಯಾವ ಊಟ ಕಣವ್ವ? ಬಾಯಾಡ್ಸೋದು. ಒಲೆ ಮೇಲಿಂದ ಇಳಿದು ತಟ್ಟೆಗೆ ಬಿದ್ರೆ ತಾನೇ ಊಟ?”

ಅವಳು ಸುಳ್ಳು ಹೇಳಿರಲಿಲ್ಲ. ಮದ್ದೂರು ಸ್ಟೇಷನ್ನಿನ ನನ್ನ ವಡೆಯೂ ಹಾಗೆಯೇ ತಾನೇ? ನಾನು ನಗುತ್ತ ಬೆಲ್ಲ ನೆಕ್ಕಿದೆ. ಅಂಟು ಕೈಯಿಂದಲೇ ಅದನ್ನೂ ಬರೆದುಕೊಂಡೆ.

ಡಾಕ್ಟರು ಕೇಳಿ ಆ ಎರಡು ತೂಕಗಳನ್ನೂ ಬರೆದುಕೊಂಡರು. “ಸರಿ. ಇದು ಕೊತ್ತತ್ತಿ ಹುಡುಗ ಯಾಕೆ ದಪ್ಪ ಅನ್ನೋದಕ್ಕೆ ಉತ್ತರ. ಈ ಕಡೆ ಹುಡುಗಿ ಯಾಕೆ ಸಣ್ಣ ಅನ್ನೋದಕ್ಕೆ ಅಲ್ಲ. ಅವಳ ತಟ್ಟೆಯಲ್ಲಿ ಒಂದು ಮಗುವಿಗೆ ಬೇಕಾದಷ್ಟು ಇದೆ ಅಂತ ನೀನೇ ತೂಗಿ ಬರೆದಿದ್ದೀಯ.”

ಅರ್ಧ ಗೆದ್ದು ಅರ್ಧ ಸೋತು ನಾನು ಮತ್ತೆ ಇದ್ದಿಲ ಬಸ್ಸು ಹತ್ತಿದೆ. ಆ ದಿನ ತೂಕದ ದಿನವಾಗಿರಲಿಲ್ಲ. ಊರಿನ ತಳವಾರ ಮುಂಚಿತವಾಗಿ ಹೋಗಿ “ನಾಳೆ ತಕ್ಕಡಿಯಮ್ಮ ಬತ್ತಾರೆ” ಎಂದು ಸಾರಿರಲಿಲ್ಲ. ಚಿಕ್ಕತಾಯಿ ಬಾವಿಯ ಹತ್ತಿರ ಸಿಕ್ಕಳು. ನನ್ನನ್ನು ಕಂಡವಳೇ ಕೊಡವನ್ನು ಕಟ್ಟೆಯ ಮೇಲಿಟ್ಟುಬಿಟ್ಟಳು.

“ಇವತ್ಯಾಕ್ ಬಂದೆ?” ಆ ದನಿಯಲ್ಲಿದ್ದದ್ದು ಸಿಟ್ಟಲ್ಲ, ಭಯ.

“ತೂಗೋಕಲ್ಲ. ಒಂದು ಮಾತು ಕೇಳೋಕೆ. ಮಾದೇವಿ ಹಬ್ಬವಾ ಅಂತ ಯಾಕೆ ಕೇಳಿದ್ಲು?”

ಅವಳು ಬಾವಿಯೊಳಗೆ ನೋಡುತ್ತ ನಿಂತಳು. ಕೆಳಗೆ ನೀರಿನಲ್ಲಿ ನಮ್ಮಿಬ್ಬರ ತಲೆಗಳೂ ಮಂಜಿನ ಬಿಳುಪೂ ಸೇರಿ ಅಲ್ಲಾಡುತ್ತಿದ್ದವು.

“ನೀನು ಬತ್ತೀಯ ಅಂತ ತಳವಾರ ಯೋಳ್ತಾನೆ. ಬಂದೋರ ಮುಂದೆ ನೀರಂಬ್ಲಿ ಕಾಯ್ಸಕ್ಕಾಯ್ತದಾ? ನೆಂಟ್ರು ಬಂದಂಗೆ ಅಲ್ವಾ ನೀನು? ತೊಲೆಗೆ ಕಟ್ಟಿದ್ ಬಿತ್ತನೆ ಗಂಟಿಂದ ಇಷ್ಟಿಷ್ಟು ತೆಗ್ದು ಬೀಸ್ದೆ.”

“ಬೇರೆ ದಿನ?”

“ಬೇರೆ ದಿನ ಯಾಕೆ ಕೇಳ್ತೀಯ? ಮಳೆ ಕೈ ಕೊಡ್ತು, ಲೆವಿ ಅಳ್ದು ಕೊಟ್ವಿ. ಅತ್ತೆಗೆ ಮೊದ್ಲು ಗಟ್ಟಿಗೆ ಇಕ್ತೀನಿ. ಅವ್ರಿಗೆ ಕಣ್ಣಿಲ್ಲ, ವಾಡೆ ತುಂಬದೆ ಅಂತ್ಲೇ ಅಂದ್ಕೊಂಡವ್ರೆ. ಉಳಿದ್ರಾಗೆ ನಾವಿಬ್ರು.”

ಇಷ್ಟು ಸರಳವಾಗಿತ್ತು. ಗಟ್ಟಿ ದನಿಯಲ್ಲಿ ವಾದ ಶುರು ಮಾಡಿದೆ: ಇದನ್ನು ಡಾಕ್ಟರಿಗೆ ಹೇಳಿದರೆ ಗಂಜಿಮನೆ ಬರುತ್ತದೆ, ನಿನ್ನ ಕೈಗುಣದ ಮಾತು ಸಾಯುತ್ತದೆ, ಮಗಳು ನಿನ್ನ ಹತ್ತಿರವೇ ಉಳಿಯುತ್ತಾಳೆ. ಎಲ್ಲ ಸರಿಯಾದ ವಾದವೇ. ಅವಳು ಕೊನೆಯವರೆಗೂ ಕೇಳಿದಳು.

“ಯೋಳ್ದೆ ಇದ್ರೆ ಮಗ್ಳು ಓಯ್ತಾಳೆ. ಯೋಳುದ್ರೆ ಗಂಡ ಗಾಡಿ ಒಡಿಯಕ್ ಓದಾಗ ಎಂಡ್ತಿ ಮನೆ ಬಡ್ತನ ಬೀದೀಲಿ ಅರವಿದ್ಲು ಅಂತಾರೆ. ನಾನೇ ಬಾಯ್ಬುಟ್ಟು ಯೋಳಕಿಲ್ಲ, ನೀನೂ ಯೋಳ್ಬ್ಯಾಡ. ನನ್ ಮಗಳ ಮೇಲೆ ಆಣೆ.”

ಕೊಡ ಎತ್ತಿ ಸೊಂಟದ ಮೇಲಿಟ್ಟುಕೊಂಡು ಅವಳು ಹೋದಳು.

ಆಣೆ ಎನ್ನುವುದು ವಾದಕ್ಕೆ ಉತ್ತರವಲ್ಲ. ಆದರೆ ಆಣೆಯನ್ನು ಮುರಿಯಲೂ ಬಾರದು. ಡಾಕ್ಟರಿಗೆ ನಾನು ಹೇಳಿದ್ದು ಇಷ್ಟೇ: “ತೂಕದ ದಿನ ಮುಂಚೆಯೇ ಸಾರಿಸಿದರೆ ನಮಗೆ ಸಿಗೋದು ಆ ದಿನದ ಊಟ ಮಾತ್ರ ಸಾರ್. ಒಂದು ದಿನ ಸಾರಿಸದೆ ಬನ್ನಿ.” ಅವರು ಯಾಕೆಂದು ಕೇಳದೆ ಒಪ್ಪಿಕೊಂಡರು.

ಶಿವರಾತ್ರಿ ಹತ್ತಿರ ಬಂದಿತ್ತು. ಮಂಜು ತೆಳ್ಳಗಾಗಿ ಹೊಲದ ಮೇಲೆ ಹಾಲಿನ ಕೆನೆಯಂತೆ ಉಳಿದಿತ್ತು. ಮಾದೇವಿಯ ಎರಡು ಅಂಗಿಗಳನ್ನು ಒಗೆದು ಬೇಲಿಯ ಮೇಲೆ ಒಣಹಾಕಿದ್ದರು, ಕೊತ್ತತ್ತಿಗೆ ಕಳಿಸಲು. ಡಾಕ್ಟರು ಜಗಲಿಯ ಮೇಲೆ ಕೂತರು, ಅಕ್ಕಪಕ್ಕದ ಮನೆಯವರು ಸೇರಿದರು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಒಲೆಯ ಮೇಲೆ ಒಂದು ಸಣ್ಣ ಮಡಕೆ. ಅದರಲ್ಲಿ ಏನಿದೆಯೆಂದು ನೋಡಲು ತಕ್ಕಡಿ ಬೇಕಿರಲಿಲ್ಲ. ತೆಳ್ಳಗೆ, ಬೂದಿ ಬಣ್ಣದಲ್ಲಿ, ಗುಳ್ಳೆ ಬಿಡುತ್ತಿತ್ತು. ಚಿಕ್ಕತಾಯಿ ನನ್ನನ್ನು ಕಂಡು ಮಡಕೆಗೆ ಮುಚ್ಚಳ ಎಳೆದಳು. ಇನ್ನೇನು ಅವಳು ಹಿಟ್ಟು ಕಡ ತರಲು ಮೊರ ಹಿಡಿದು ಪಕ್ಕದ ಮನೆಗೆ ಓಡುವವಳೇ; ಬಂದವರು ನೆಂಟರು, ಸಾರಿಸಿ ಬಂದರೇನು, ಸಾರಿಸದೆ ಬಂದರೇನು? ನನ್ನ ಜಾಣತನ ಅಲ್ಲೇ ಮುಗ್ಗರಿಸಿತ್ತು.

ಆಗ ಸಿದ್ದವ್ವ ಕೋಲಿನಿಂದ ವಾಡೆಗೆ ಬಡಿದಳು. ಮೇಲೆ ಒಮ್ಮೆ, ನಡುವೆ ಒಮ್ಮೆ, ಬುಡಕ್ಕೆ ಒಮ್ಮೆ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಚಿಕ್ತಾಯಮ್ಮ, ಡಾಕುಟ್ರು ಬಂದವ್ರೆ ಕಣವ್ವ. ವಾಡೇಲಿ ಬೇಕಾದಷ್ಟು ಅದೆ. ಇನ್ನೂ ನಾಕು ಪಾವು ತೆಗ್ದು ಎಲ್ರಿಗೂ ಎಸ್ರಿಡು!”

ಜಗಲಿಯ ಮೇಲಿದ್ದವರು ಒಳಗೆ ಇಣುಕಿದರು. ಎಲ್ಲೋ ಒಂದು ಕೌಜುಗ ಕೂಗುತ್ತಿತ್ತು. ಚಿಕ್ಕತಾಯಿ ಎದ್ದು ವಾಡೆಯ ಹತ್ತಿರ ಬಂದಳು, ಬುಡದಲ್ಲಿದ್ದ ತೂತಿಗೆ ತುರುಕಿದ್ದ ಬಟ್ಟೆಯನ್ನು ಎಳೆದಳು. ರಾಗಿ ಸುರಿಯಲಿಲ್ಲ. ಸ್ವಲ್ಪ ಧೂಳು ಬಂತು. ಅವಳು ಅತ್ತೆಯ ಕಡೆ ತಿರುಗಿ, ಅಳದೆ, ಬೈಯದೆ, ತುಂಬಾ ದಣಿದವರು ದಾರಿ ಕೇಳುವ ಹಾಗೆ ಕೇಳಿದಳು:

“ಎಲ್ಲಿಂದ ತರ್ಲಿ ಅತ್ತೆ?”

ಡಾಕ್ಟರು ಎದ್ದು ಹೊಸ್ತಿಲ ತನಕ ಬಂದು, ಬಗ್ಗಿ, ನೆಲದ ಮೇಲಿನ ಆ ಧೂಳನ್ನು ನೋಡಿದರು. ನನ್ನ ಕೈಯಿಂದ ತಕ್ಕಡಿಯನ್ನು ತಾವೇ ತೆಗೆದುಕೊಂಡರು. “ಇಲ್ಲಿ ಇನ್ನು ತೂಗೋದು ಬೇಡಮ್ಮ,” ಎಂದರು. ನನ್ನ ಪಾಲಿನ ವಾದವನ್ನು ಆ ಧೂಳೇ ಮುಗಿಸಿತ್ತು.

ಬೇಸಿಗೆಯಲ್ಲಿ ಆ ಊರಿಗೆ ಗಂಜಿಮನೆ ಬಂತು, ಹೊಸ ರಾಗಿ ಬರುವವರೆಗೂ ನಡೆಯಿತು. ಮಾದೇವಿ ಎಲ್ಲಿಗೂ ಹೋಗಲಿಲ್ಲ. ಮುಂಗಾರಿಗೆ ಮೊದಲು ದೊಡ್ಡತಾಯಿ ಬಿತ್ತನೆ ರಾಗಿಯ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ತಂಗಿಯ ಮನೆಗೆ ಬಂದಿದ್ದಳಂತೆ. “ನನ್ ಕೈಗುಣ ಮುಟ್ಸಿ ತಂದಿವ್ನಿ, ಬಿತ್ತು,” ಎಂದಳಂತೆ. ಇದೂ ಒಂದು ‘ಅಂತೆ’. ಆದರೆ ಚಿಕ್ಕತಾಯಿಯೇ ಹೇಳಿದ್ದು, ನಗುತ್ತ ಹೇಳಿದ್ದು. ಒಪ್ಪಿಕೊಂಡಿದ್ದೇನೆ.

ಹೋದ ವಾರ ಬಸ್ಸಿಳಿದು ನಾನು ಹೋದದ್ದು ಅದೇ ಮನೆಗೆ. ಮುಂದಿನ ಹಲ್ಲು ಬಿದ್ದ ಮಾದೇವಿ ನನ್ನ ಚೀಲ ಹುಡುಕಿ ವಡೆ ತೆಗೆದುಕೊಂಡು ಓಡಿದಳು. ಚಿಕ್ಕತಾಯಿ ತಿರುವಿದ ಮುದ್ದೆ ಉಂಡೆ; ಇದು ದಿನದ ಮುದ್ದೆಯೋ, ನೆಂಟರ ಮುದ್ದೆಯೋ ಎಂದು ಕೇಳಿ ಬೈಸಿಕೊಂಡೆ. ಅವಳು ನೀರಿಗೆ ಹೋದ ಮೇಲೆ ನಡುಮನೆಯಲ್ಲಿ ನಾನು, ಸಿದ್ದವ್ವ, ವಾಡೆ ಮೂವರೇ ಉಳಿದೆವು. ಈಗ ಆ ಕಣ್ಣುಗಳಿಗೆ ಬೆಳಕೂ ಕಾಣುವುದಿಲ್ಲ. ಕೋಲು ಮಾತ್ರ ಹಾಗೇ ಇತ್ತು. ಅವಳು ಬಡಿದಳು, ವಾಡೆ ದಪ್ಪಗೆ, ತುಂಬಿದ ಹೊಟ್ಟೆಯ ಹಾಗೆ ಸದ್ದು ಮಾಡಿತು. ನನಗೆ ಆ ದಿನದ ಸದ್ದು ನೆನಪಾಯಿತು. ಮೇಲೂ ಟಣ್, ನಡುವೆಯೂ ಟಣ್, ಬುಡದಲ್ಲೂ ಟಣ್.

ಎರಡೂ ಪಕ್ಷವನ್ನು ನಾನೇ ಹಿಡಿದು ನೋಡಿದ್ದೇನೆ. ಮುದುಕಿಗೆ ಗೊತ್ತಿರಲಿಲ್ಲ, ಮನೆಯ ಹೆಮ್ಮೆಗೆ ಕೂಗಿದಳು, ಸೊಸೆಯ ಮಾನ ಹೋಯಿತು. ಊರು ಹೇಳುವುದು ಇದನ್ನೇ. ಅಥವಾ ಗೊತ್ತಿತ್ತು. ಮೊಮ್ಮಗಳನ್ನು ಕೊತ್ತತ್ತಿಗೆ ಕಳಿಸುತ್ತೇನೆಂದು ಹಟ ಹಿಡಿದದ್ದು ಅದಕ್ಕೇ. ತನ್ನ ತಟ್ಟೆಗೆ ಮಾತ್ರ ಗಟ್ಟಿ ಹಿಟ್ಟು ಬೀಳುತ್ತಿರುವುದೂ ಗೊತ್ತಿತ್ತು. ಸೊಸೆ ಬಾಯಿ ಬಿಡಲಾರದ್ದನ್ನು, ತಾನೂ ನೇರವಾಗಿ ಹೇಳಲಾರದ್ದನ್ನು, ಹತ್ತು ಜನರ ಎದುರಿಗೆ ಆ ವಾಡೆಯಿಂದಲೇ ಹೇಳಿಸಿದಳು; ಕೆಟ್ಟ ಹೆಸರನ್ನು ತಾನು ಇಟ್ಟುಕೊಂಡಳು. ಎರಡಕ್ಕೂ ಪುರಾವೆ ಇದೆ, ಎರಡೂ ಸಾಲುವುದಿಲ್ಲ.

ಬಾಗಿಲಿನಿಂದ ಮಂಜು ಒಳಗೆ ಬರುತ್ತಿತ್ತು, ಅದರ ಜೊತೆ ಎಲ್ಲಿಂದಲೋ ಬೆಲ್ಲದ ವಾಸನೆಯ ಒಂದು ಎಳೆ. ನಾನು ಅವಳ ಹತ್ತಿರಕ್ಕೆ ಸರಿದು ಕೂತೆ.

“ಸಿದ್ದವ್ವಜ್ಜಿ, ಆವತ್ತು ಕೂಗೋಕೆ ಮೊದಲು ನೀವು ವಾಡೆಗೆ ಮೂರು ಕಡೆ ಬಡಿದು ನೋಡಿದ್ರಿ. ಆ ಸದ್ದು ಕೇಳಿದ ಮೇಲೂ ಇನ್ನೂ ನಾಕು ಪಾವು ತೆಗಿ ಅಂತ ಯಾಕೆ ಕೂಗಿದ್ರಿ?”